ಅಂಗಿ ತೊಟ್ಟ ಹುತ್ತಗಳು

ಮ್ಯಾಗ್‌ಪೈ ಬೋರ್ ಹೋಟೆಲು,
ಟೆನೆಂಟ್ ಕ್ರೀಕ್ ದಾಟಿ ಉತ್ತರಕ್ಕೆ.
ಜುಲೈ ೧೭, ಗುರುವಾರ.

ಗೆಳೆಯ ಮಜೀದನಿಗೆ,

ನಾನು ಕ್ಷೇಮ. ಕಾರೂ ಕ್ಷೇಮ. ಇವೆರಡರಲ್ಲಿ ನೀನು ಮೊದಲು ಯಾವುದನ್ನು ಕೇಳುವವನೋ ತಿಳಿಯದ್ದರಿಂದ ಎರಡನ್ನೂ ಹೇಳಿದ್ದೇನೆ.

ಹೊರಡುವಾಗ ನೀನು ಫೋನಿನಲ್ಲಿ ಹೇಳಿದ್ದು ನೆನಪಿದೆ. ನಿಂತ ಕಡೆಯಿಂದೆಲ್ಲ ಒಂದೊಂದು ಕಾಗದ ಹಾಕು, ಅಡಿಲೇಡಿನ ಈ ಮೂರನೇ ಮಹಡಿಯಲ್ಲಿ ಕೂತು ನಾನೂ ನಿನ್ನ ಜೊತೆ ಬಂದ ಹಾಗಾಗುತ್ತದೆ ಅಂದಿದ್ದೆ. ನಿಂತ ಕಡೆಯಿಂದೆಲ್ಲ ಬರೆದಿದ್ದರೆ ಅಂಚೆಯವನಿಗೆ ಬೇರೆ ಕೆಲಸ ಇರುತ್ತಿರಲಿಲ್ಲ. ಆದ್ದರಿಂದ ಎಲ್ಲ ಸೇರಿಸಿ ಇಲ್ಲಿಂದ ಬರೆಯುತ್ತಿದ್ದೇನೆ. ಇಲ್ಲಿ ಏಕೆ ಇಷ್ಟು ದಿನ ಕೂತಿದ್ದೇನೆ ಎಂದು ಕೇಳಬೇಡ. ಇಲ್ಲಿ ಬ್ರೆಡ್ಡು ಚೆನ್ನಾಗಿದೆ.

ನಮ್ಮ ಹಣ್ಣಿಕೇರಿ ಮೇಷ್ಟ್ರು ದುರ್ಗದ ಕಾಲೇಜಿನಲ್ಲಿ ಪ್ರಯಾಣದ ಮೇಲೆ ಒಂದು ಪ್ರಬಂಧ ಬಾಯಿಪಾಠ ಮಾಡಿಸಿದ್ದರಲ್ಲ. ‘ಎ ಜರ್ನಿ ಹ್ಯಾಸ್ ತ್ರೀ ಪಾರ್ಟ್ಸ್, ನೇಮ್ಲಿ’ ಎಂದು ಶುರುವಾಗುತ್ತಿತ್ತು. ದಾರಿಯುದ್ದಕ್ಕೂ ತಲೆ ಕೆರೆದುಕೊಂಡೆ, ಆ ನೇಮ್ಲಿಯ ಮುಂದಿನದು ಹೊಳೆಯಲೇ ಇಲ್ಲ. ಹೊರಡುವುದು ಒಂದಿರಬೇಕು, ತಲುಪುವುದು ಒಂದಿರಬೇಕು. ಮೂರನೆಯದು ನಿಲ್ಲುವುದು ಎಂದು ಅವರು ಬರೆಸಿರಲಾರರು. ಬರೆಸಿದ್ದರೆ ನನಗೆ ಮರೆಯುತ್ತಿರಲಿಲ್ಲ.

ಪೋರ್ಟ್ ಆಗಸ್ಟಾ ಬಿಟ್ಟ ದಿನ ಮೊದಲು ನಿಂತದ್ದು ಉಪ್ಪಿನ ಕೆರೆಯ ದಂಡೆಯಲ್ಲಿ. ಆ ಕೆರೆಯನ್ನು ನೀನೂ ನೋಡಿದ್ದೀಯ, ಆದರೆ ಎಂಜಿನ್ ಆರಿಸಿ ಕೂತು ನೋಡಿದ್ದೀಯೋ ಇಲ್ಲವೋ. ಮೊದಲು ಎಂಜಿನ್ ತಣ್ಣಗಾಗುವ ಟಿಕ್ ಟಿಕ್ ಕೇಳುತ್ತದೆ. ಅದೂ ನಿಂತ ಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಕೇಳುತ್ತ ಕಟ್ಟೆಯ ಮೇಲೆ ಕೂತು ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದೆ. ಪುಡಿಯ ರುಚಿಗೆ ಮೂರು ನೊಣ ಬಂದವು. ಅದು ಬಿಟ್ಟರೆ ಪಂಕ್ತಿಯಲ್ಲಿ ನಾನೊಬ್ಬನೇ.

ಆಮೇಲೆ ನಿಂತದ್ದಕ್ಕೆಲ್ಲ ಕಾರಣ ಕೇಳಿದರೆ ನಾಚಿಕೆಯಾಗುತ್ತದೆ. ಒಣಗಿದ ಮರವೊಂದಕ್ಕೆ ಯಾರೋ ಬೂಟುಗಳನ್ನು ನೇತುಹಾಕಿದ್ದರು, ಎಲ್ಲ ಒಂಟಿ ಬೂಟುಗಳು. ಜೊತೆಯವು ಎಲ್ಲಿ ಹೋದವು ಎಂದು ನೋಡಲು ಇಳಿದೆ. ಇನ್ನೊಂದು ಕಡೆ ನೀರಿನ ತೊಟ್ಟಿಯ ಮೇಲೆ ಮೊಳೆಯಿಂದ ಗೀಚಿದ ಹೆಸರುಗಳನ್ನು ಓದಲು ನಿಂತೆ. ಒಬ್ಬ ತನ್ನ ಹೆಸರಿನ ಜೊತೆ ಗೀಚಿದ ಹುಡುಗಿಯ ಹೆಸರನ್ನು ಹೊಡೆದುಹಾಕಿ, ಬೇರೆ ವರ್ಷ ನಮೂದಿಸಿ, ಮತ್ತೆ ಅದೇ ಹೆಸರು ಬರೆದಿದ್ದ. ಅವರ ಕಥೆ ಏನಾಯಿತೋ ಎಂದು ಕೂಬರ್ ಪೀಡಿಯವರೆಗೆ ಯೋಚಿಸಿದೆ. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುವವನಿಗೆ ಈ ಸೀಮೆ ಬರೀ ಕೆಂಪು ಮಣ್ಣು. ಇಳಿದವನಿಗೆ ಅದೇ ಮಣ್ಣಿನ ತುಂಬ ಸಮಾಚಾರ.

ಸಂಜೆ ಕ್ಯಾರವಾನಿನವರು ಮಡಚುವ ಕುರ್ಚಿಗಳನ್ನು ಹೊರಗೆ ಹಾಕಿಕೊಂಡು ಕೂತಿರುವ ಜಾಗಕ್ಕೆ ಹೋದರೆ ಯಾರಾದರೂ ಕರೆದು ಚಹಾ ಕೊಡುತ್ತಾರೆ. ಮಾರ್ಲಾ ಹತ್ತಿರ ಒಬ್ಬ ನಿವೃತ್ತ ಕಸಾಯಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಎಲ್ಲಿಂದ ಬಂದೆ ಎಂದ. ಪೋರ್ಟ್ ಆಗಸ್ಟಾ ಎಂದೆ. “ಅದಲ್ಲ ಮಾರಾಯ, ಅದಕ್ಕೂ ಮುಂಚೆ?” ಎಂದ. “ಅದಕ್ಕೂ ಮುಂಚೆ ನಮ್ಮ ಮನೆ ಬಚ್ಚಲಲ್ಲಿದ್ದೆ, ಸ್ನಾನ ಮಾಡ್ತಿದ್ದೆ” ಎಂದೆ. ಅವನ ಹೆಂಡತಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡಳು. ಹೋಗುವಾಗ ತಮ್ಮ ಹಿತ್ತಲ ನಿಂಬೆಹಣ್ಣು ಕೊಟ್ಟರು. ಪೋರ್ಟ್ ಆಗಸ್ಟಾದ ವಿದ್ಯುತ್ ಸ್ಥಾವರದಲ್ಲಿ ನನ್ನ ಮುಕ್ಕಾಲು ಆಯುಷ್ಯ ಕಳೆದಿದ್ದರೂ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ, ನಾನೂ ಉತ್ತರ ಬದಲಾಯಿಸುತ್ತಿರುತ್ತೇನೆ.

ಈ ಪ್ರಯಾಣಕ್ಕೆ ರೋಹಿಣಿ ಹಾಕಿದ ಷರತ್ತು ನಿನಗೆ ಪೂರ್ತಿ ಹೇಳಿರಲಿಲ್ಲ. ಅವಳಮ್ಮ ದಾಕ್ಷಾಯಣಿ ಹೋದ ಮೇಲೆ ಮಗಳಿಗೆ ನನ್ನ ಕಾರಿನದೇ, ನನ್ನ ಕಣ್ಣಿನದೇ ಚಿಂತೆ. ವಿಮಾನದಲ್ಲಿ ಡಾರ್ವಿನ್‌ಗೆ ಬಾ, ಇಲ್ಲ ಬಸ್ಸಿನಲ್ಲಿ ಬಾ ಎಂದು ಹಟ ಹಿಡಿದಳು. ವಿಮಾನ ಎಲ್ಲೂ ನಿಲ್ಲುವುದಿಲ್ಲ, ಬಸ್ಸು ತನಗೆ ಬೇಕಾದಲ್ಲಿ ನಿಲ್ಲುತ್ತದೆ, ನನಗೆ ಬೇಕಾದಲ್ಲಿ ನಿಲ್ಲುವುದು ನನ್ನ ಕಾರೊಂದೇ ಎಂದೆ. ಕಡೆಗೆ ಒಂದು ಒಪ್ಪಂದವಾಯಿತು. ಒಂದೇ ಒಂದು ಸಲ ನಾನೇ ಓಡಿಸಿಕೊಂಡು ಬರಬೇಕು. ತಲುಪಿದ ಮೇಲೆ ಅವಳು ಒಂದೇ ಪ್ರಶ್ನೆ ಕೇಳುತ್ತಾಳೆ, ದಾರಿಯಲ್ಲಿ ಕಾಣಬೇಕಾದದ್ದು ಏನಾದರೂ ಕಾಣದೆ ಹೋಯಿತೇ ಎಂದು. ಇಲ್ಲ ಎಂದರೆ ಕಾರಿನ ಮಾತು ಇನ್ನು ಎತ್ತುವುದಿಲ್ಲ. ಹೌದು ಎಂದರೆ ಕೀಲಿ ಅವಳಿಗೆ. “ನೀನು ಏನು ಹೇಳಿದ್ರೂ ನಂಬ್ತೀನಪ್ಪ” ಅಂದಳು. ಪೊಲೀಸರು ಕೇಳುವ ಪ್ರಶ್ನೆಗಳು ಇದಕ್ಕಿಂತ ಸುಲಭ.

ಕೀಲಿ ಕೊಡುವುದು ಎಂದರೆ ಏನೆಂದು ನಿನಗೆ ಹೇಳಬೇಕಿಲ್ಲ. ನೀನು ಕೊಟ್ಟ ಮೇಲೆ ನಿನ್ನ ಕಿಟಕಿಯಿಂದ ಕಾಣುವ ಪೆಟ್ರೋಲ್ ಬಂಕಿನ ವರ್ಣನೆಯನ್ನೇ ನಾಲ್ಕು ಪತ್ರಗಳಲ್ಲಿ ಬರೆದೆ.

ಈಗ ಬೆರಿಲ್ ವಿಷಯಕ್ಕೆ ಬರುತ್ತೇನೆ. ಬೆರಿಲ್ ಎಂದರೆ ಈ ಹೋಟೆಲಿನ ಬ್ರೆಡ್ಡು ಚೆನ್ನಾಗಿರಲು ಕಾರಣಳಾದವಳು. ಆದರೆ ಹೋಟೆಲಿನವಳಲ್ಲ. ಇಲ್ಲಿಂದ ಪೂರ್ವಕ್ಕೆ, ದನ ಸಾಕುವ ದೊಡ್ಡ ಫಾರಮ್ಮೊಂದರಲ್ಲಿ ಅಡುಗೆಯವಳು, ನಮ್ಮ ವಯಸ್ಸು, ನಾಲಿಗೆ ಮಾತ್ರ ಹದಿನೆಂಟರದು.

ಟೆನೆಂಟ್ ಕ್ರೀಕ್ ದಾಟಿದ ಮೇಲೆ ಎರಡೂ ಕಡೆ ಹುತ್ತಗಳು ಶುರುವಾಗುತ್ತವಲ್ಲ, ಆಳೆತ್ತರದವು. ದಾರಿಹೋಕರು ಅವಕ್ಕೆ ಅಂಗಿ ತೊಡಿಸಿ ಟೊಪ್ಪಿ ಇಟ್ಟಿರುತ್ತಾರೆ. ಕೆಲವರು ತಮಾಷೆಗೆ ಹಾಕುತ್ತಾರೆ, ಕೆಲವರು ತೀರಿಕೊಂಡ ತಮ್ಮವರ ಬಟ್ಟೆಯನ್ನೇ ತಂದು ಹಾಕುತ್ತಾರೆ. ನಮ್ಮಲ್ಲಿ ಹುತ್ತಕ್ಕೆ ಹಾಲೆರೆದು ಅರಿಶಿನ ಹಚ್ಚಿದರೆ ಇವರು ಬನಿಯನ್ ಹಾಕುತ್ತಾರೆ. ದಾಕ್ಷಾಯಣಿ ಮೊದಲ ಸಲ ನೋಡಿದಾಗ, ಒಳಗಿರುವ ನಾಗಪ್ಪನಿಗೆ ಸೆಕೆಯಾಗುವುದಿಲ್ಲವೇ ಎಂದು ನೊಂದುಕೊಂಡಿದ್ದಳು. ಗಾಳಿಗೆ ತೋಳುಗಳು ಆಡುತ್ತವೆ. ಗೊತ್ತಿಲ್ಲದವರು ಯಾರೋ ಕೈ ಬೀಸಿ ಕರೆಯುತ್ತಿದ್ದಾರೆ ಎಂದು ಬೆಚ್ಚುತ್ತಾರೆ. ನಮಗೆ ರೂಢಿ.

ಕಳೆದ ಭಾನುವಾರ ಮಧ್ಯಾಹ್ನ ಬಿಸಿಲು ಎಡಕ್ಕೆ ವಾಲಿತ್ತು. ಅಂಗಿ ತೊಟ್ಟ ಹುತ್ತಗಳ ಒಂದು ಸಾಲು ಬಂತು. ಆರೋ ಏಳೋ ಇದ್ದವು. ನೋಡಿದೆ, ದಾಟಿದೆ. ದಾಟಿದ ಮೇಲೆ ತಲೆಯಲ್ಲಿ ಒಂದು ಹುಳು ಕೊರೆಯಲು ಶುರುವಾಯಿತು. ಅದರಲ್ಲೊಂದು ಹುತ್ತದ ತೋಳಿನಲ್ಲಿ ಕೈಚೀಲ ಇತ್ತು. ಒಳ್ಳೆಯ ಚರ್ಮದ ಚೀಲ, ಹಿತ್ತಾಳೆಯ ಕೊಂಡಿ ಬಿಸಿಲಿಗೆ ಹೊಳೆದಿತ್ತು. ಹರಿದ ಅಂಗಿ ಬಿಟ್ಟು ಹೋಗುವವರು ಉಂಟು, ಹಳೆ ಟೊಪ್ಪಿ ಬಿಟ್ಟು ಹೋಗುವವರು ಉಂಟು, ಅಂಥ ಚೀಲವನ್ನು ಯಾರು ಬಿಟ್ಟು ಹೋಗುತ್ತಾರೆ? ಹೆಂಡತಿಯ ಮೇಲೆ ಸಿಟ್ಟಾದ ಗಂಡನೇ? ತಾಯಿಯನ್ನು ಕಳೆದುಕೊಂಡ ಮಗಳೇ? ಒಳಗೆ ಏನಾದರೂ ಇದೆಯೇ? ಅರ್ಧ ಗಂಟೆ ಹೀಗೇ ಓಡಿಸಿ, ತಡೆಯಲಾರದೆ ಕಾರು ತಿರುಗಿಸಿದೆ. ಕೈಚೀಲ ನೋಡಲು ಹಿಂದಕ್ಕೆ ಹೋದೆ, ಮಜೀದ. ಇದನ್ನು ಗಮನದಲ್ಲಿಡು. ಪರೋಪಕಾರಕ್ಕಲ್ಲ.

ಕಾರು ನಿಲ್ಲಿಸಿ, ಇಳಿದು, ಹತ್ತು ಹೆಜ್ಜೆ ಹೋದಾಗ ಆ ಹುತ್ತ ಮಾತಾಡಿತು.

“ಬಂದ್ರಾ ಯಜಮಾನ್ರೇ. ಹೋದ ಸಲ ಅಷ್ಟು ಚೆನ್ನಾಗಿ ಮುಖ ನೋಡ್ಕೊಂಡು ಹೋದ್ರಿ, ಈ ಸಲ ಏನು, ಮಾತಾಡ್ಸೋಣ ಅನ್ನಿಸ್ತಾ?”

ಅದು ಹುತ್ತವಲ್ಲ, ಈ ಬೆರಿಲ್. ಮಣ್ಣಿನ ಬಣ್ಣದ ಟೊಪ್ಪಿ, ಮಣ್ಣಿನ ಬಣ್ಣದ ಅಂಗಿ, ಅದಕ್ಕೆ ಹೊಂದುವ ಮುಖ. ಒಂದು ಭುಜ ಹಿಡಿದುಕೊಂಡಿದೆ, ಕೈ ಸೊಂಟದಿಂದ ಮೇಲೇಳುವುದಿಲ್ಲ, ಇನ್ನೊಂದು ಕೈಯಲ್ಲಿ ಆ ಭಾರದ ಚೀಲ. ಭುಜ ತೋರಿಸಲೆಂದೇ ಕ್ಯಾಥರೀನ್ ಊರಿನ ಆಸ್ಪತ್ರೆಗೆ ಹೊರಟಿದ್ದಳಂತೆ. ಅವಳ ಹಳೆಯ ಗಾಡಿ ರಸ್ತೆಯಾಚೆ ಮರಗಳ ಹಿಂದೆ ನಿಂತಿತ್ತು, ದಾರಿಹೋಕರಿಗೆ ಅದು ಕಾಣದೆಂದು ಇವಳು ಈಚೆ ಬಂದು ಕಾಯುತ್ತಿದ್ದಳು. ಎಂಜಿನ್ನಿನ ನೀರೆಲ್ಲ ಕುದಿದು ಖಾಲಿಯಾಗಿತ್ತು, ಹಿಂದೆ ಇಟ್ಟುಕೊಂಡಿದ್ದ ನೀರಿನ ಕ್ಯಾನು ತಳದಲ್ಲಿ ಸೋರಿ ಬರಿದಾಗಿತ್ತು. ಈ ರಸ್ತೆಯಲ್ಲಿ ಕೆಟ್ಟು ನಿಂತವರನ್ನು ದಾಟಿ ಹೋಗುವುದು ಎಂದರೇನು ಎಂದು ನಿನಗೆ ಗೊತ್ತು. ಹೆತ್ತ ತಾಯಿಯ ಜೊತೆ ಮಾತು ಬಿಟ್ಟವನೂ ಇಲ್ಲಿ ಗಾಡಿ ನಿಲ್ಲಿಸಿ ನೀರು ಬೇಕೇ ಎಂದು ಕೇಳುತ್ತಾನೆ.

ಮೊದಲು ಅವಳಿಗೆ ನೀರು ಕೊಟ್ಟೆ. ಆಮೇಲೆ ಗಾಡಿಗೆ. ಬಿಸಿ ಇಳಿಯುವವರೆಗೆ ಕಾಯಬೇಕಲ್ಲ, ನಿಂಬೆಹಣ್ಣು ಹಿಂಡಿ ಪಾನಕ ಮಾಡಿದೆ. ನನಗಿಂತ ಮುಂಚೆ ಎಷ್ಟೋ ಗಾಡಿಗಳು ಹೋದವಂತೆ. ಒಂದು ಕ್ಯಾರವಾನಿನ ಹೆಂಗಸು ಕೈ ಬೀಸಿ ನಕ್ಕಳಂತೆ. ಒಬ್ಬ ನಿಧಾನ ಮಾಡಿ ಫೋಟೋ ಕೂಡ ಹಿಡಿದುಕೊಂಡು ಹೋದನಂತೆ. ನನಗೆ ಸ್ವಲ್ಪ ಸಮಾಧಾನವಾಯಿತು. ರೋಹಿಣಿಯ ಷರತ್ತನ್ನು ಅವಳಿಗೆ ಹೇಳಿದೆ. ನನ್ನ ಕಣ್ಣಿನ ತಪ್ಪೋ, ಈ ಜಾಗದ ರೂಢಿಯೇ ಎಲ್ಲರನ್ನೂ ಕುರುಡು ಮಾಡಿದೆಯೋ ಎಂದು ತಿಳಿಯಬೇಕಿತ್ತು. ನಾನೇ ಹೋಗಿ ಹುತ್ತಗಳ ಸಾಲಿನಲ್ಲಿ ನಿಂತೆ. ಅವಳು ಗಾಡಿಯ ನೆರಳಲ್ಲಿ ಕೂತು ನೋಡಿದಳು.

ಎಂಥ ಅನುಭವ ಅಂತೀಯ! ಒಂದು ಕಡೆ ಫುಟ್‌ಬಾಲ್ ಜೆರ್ಸಿಯವನು, ಇನ್ನೊಂದು ಕಡೆ ಮದುವೆಯ ಗೌನು ತೊಟ್ಟವಳು, ನಡುವೆ ನಾನು. ನೆಲದಲ್ಲಿ ಇರುವೆಗಳ ಸಾಲು ನನ್ನನ್ನು ಬಳಸಿಕೊಂಡು ಹೋಗುವುದೋ ಹತ್ತಿಕೊಂಡು ಹೋಗುವುದೋ ಎಂದು ಚರ್ಚೆ ಮಾಡುತ್ತಿತ್ತು. ಹುತ್ತಕ್ಕೆ ಕಿವಿ ಹಚ್ಚಿದರೆ ಒಳಗೆ ಅಕ್ಕಿ ಸುರಿದ ಹಾಗೆ ಸಣ್ಣ ಸದ್ದು. ಒಂದು ಕಾರು ಹೋಯಿತು, ಒಳಗಿದ್ದ ಮಗು ಟಾಟಾ ಮಾಡಿತು. ಇನ್ನೊಂದು ಹೋಯಿತು, ಯಾರೂ ನೋಡಲೇ ಇಲ್ಲ. ಯಾರೂ ನಿಲ್ಲಿಸಲಿಲ್ಲ. ಗೆದ್ದವನ ಹಾಗೆ ಬಂದು ಬೆರಿಲ್ ಮುಂದೆ ನಿಂತೆ.

“ಅವರಿಗೂ ಕಾಣ್ಲಿಲ್ಲ ಅಂದ್ರೆ ನಿನಗೆ ಕಂಡ ಹಾಗಾಯ್ತಾ?” ಎಂದು ಕೇಳಿ ಪಾನಕದ ಲೋಟ ಮುಂದೆ ಹಿಡಿದಳು, ಇನ್ನಷ್ಟು ಹಾಕು ಎಂದು.

ಚೀಲದಲ್ಲಿ ಏನಿದೆ ಎಂದು ಆಗ ಕೇಳಿದೆ. ಕೇಳದೆ ಇರಲಾಗಲಿಲ್ಲ. ಅವಳು ಕೊಂಡಿ ತೆಗೆದು ಒಂದು ಅಂಗಿ ಹೊರಗೆ ತೆಗೆದಳು. ನೀಲಿ ಚೌಕಳಿಯದು, ಇಸ್ತ್ರಿ ಮಾಡಿದ್ದು. ಅವಳ ಗಂಡ ಮರ್ವ್ ಕುದುರೆ ರೇಸಿಗೆ ಹೋಗುವಾಗ ಹಾಕುತ್ತಿದ್ದ ಅಂಗಿಯಂತೆ. ಅವನು ಹೋಗಿ ಮೂರು ಮಳೆಗಾಲ ಕಳೆದಿದೆ. ಅಂಗಿಯನ್ನು ಪ್ರತಿಸಲ ಚೀಲದಲ್ಲಿ ತರುತ್ತಿದ್ದಳು, ವಾಪಸು ಒಯ್ಯುತ್ತಿದ್ದಳು. ಈ ಸಲ ಹಾಕಿಯೇ ಬಿಡೋಣ ಎಂದು ಇಳಿದರೆ, ಒಂದೇ ಕೈಯಲ್ಲಿ ಆಗಲಿಲ್ಲ. ತಿರುಗಿ ಬಂದರೆ ಗಾಡಿ ಆವಿ ಕಾರುತ್ತಿತ್ತು.

ಹುತ್ತ ಆರಿಸಿದ್ದೇ ಒಂದು ಕಥೆ. ಮರ್ವ್ ಸಣಕಲ. ನಾನು ತೋರಿಸಿದ್ದೆಲ್ಲ ಹೊಟ್ಟೆಯವು. “ಅದು ನಿನ್ನ ಅಳತೆ. ನಮ್ಮವನು ಬೇಲಿ ಗೂಟದ ಥರ ಇದ್ದ” ಎಂದಳು. ಕಡೆಗೆ ಸ್ವಲ್ಪ ಒಳಗೆ, ಒಂಟಿ ಮರದ ಹತ್ತಿರ ತೆಳ್ಳನೆಯ ಒಂದು ಸಿಕ್ಕಿತು. ನಾನು ಚಪ್ಪಲಿ ಬಿಟ್ಟು ಹತ್ತಿರ ಹೋದೆ, ಏಕೆ ಎಂದು ಅವಳು ಕೇಳಲಿಲ್ಲ. ತೋಳಿಗೆ ಕಡ್ಡಿ ಸಿಕ್ಕಿಸಿ, ಹೆಗಲು ಕೂರಿಸಿ, ಗುಂಡಿ ಹಾಕಲು ಶುರು ಮಾಡಿದೆ. ಮಣ್ಣು ಬಿಸಿಲಿಗೆ ಕಾದು ಮೈಯಷ್ಟೇ ಬೆಚ್ಚಗಿತ್ತು. ಕೊರಳ ಗುಂಡಿ ಹಾಕಬೇಡ, ಅವನಿಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು ಎಂದಳು. ಬಿಟ್ಟೆ. ದಾಕ್ಷಾಯಣಿಯ ಬಟ್ಟೆಗಳನ್ನು ರೋಹಿಣಿಯೇ ಬಂದು ಮಡಚಿ ಎಲ್ಲಿಗೋ ಕೊಟ್ಟಿದ್ದಳು. ಆ ದಿನ ನಾನು ಹೊರಗೆ ಕಾರು ತೊಳೆಯುತ್ತಿದ್ದೆ.

ಆಮೇಲೆ ಅವಳ ಗಾಡಿ ಮುಂದೆ, ನನ್ನದು ಹಿಂದೆ, ಎತ್ತಿನ ಬಂಡಿಯ ವೇಗದಲ್ಲಿ ಇಲ್ಲಿಗೆ ಬಂದೆವು. ಅವಳ ಗಾಡಿಯನ್ನು ಹೋಟೆಲಿನವರ ಷೆಡ್ಡಿನಲ್ಲಿ ಬಿಚ್ಚಿ ಹರಡಿದ್ದಾರೆ. ಸುಮ್ಮನೆ ಕೂರಲಾರದೆ ಬೆರಿಲ್ ಅಡುಗೆಮನೆ ಹೊಕ್ಕಿದ್ದಾಳೆ. ಹಿಟ್ಟು ನಾದಲು ನನ್ನನ್ನು ಕೂರಿಸುತ್ತಾಳೆ, ತಾನು ಒಂದೇ ಕೈಯಲ್ಲಿ ಆಜ್ಞೆ ಮಾಡುತ್ತಾಳೆ.

ಇಲ್ಲಿಂದ ನಾನು ಏಕೆ ಹೊರಟಿಲ್ಲ ಎಂದರೆ, ಡಾರ್ವಿನ್‌ನಲ್ಲಿ ಆ ಪ್ರಶ್ನೆ ಕಾದಿದೆ. ಉತ್ತರವನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಕಾಣದೆ ಹೋಗಿದ್ದರೆ ಕೈಚೀಲ ಹೇಗೆ ಕಂಡಿತು? ಕಣ್ಣಿಗೆ ಕಂಡಿದೆ, ಬುದ್ಧಿಗೆ ಕಂಡಿಲ್ಲ. ಷರತ್ತು ಇದ್ದದ್ದು ಕಣ್ಣಿನ ಬಗ್ಗೆ. ಅದೂ ಅಲ್ಲದೆ, ಕಂಡಕಂಡದ್ದಕ್ಕೆಲ್ಲ ನಿಲ್ಲುವ ಚಾಳಿ ನನಗಿಲ್ಲದಿದ್ದರೆ ಆ ಹೆಂಗಸು ಅಲ್ಲೇ ಇರುತ್ತಿದ್ದಳು. ಅಂದರೆ ನನ್ನಂಥವನ ಕೈಯಲ್ಲಿ ಕಾರು ಇರುವುದೇ ಲೋಕಕ್ಕೆ ಕ್ಷೇಮ. ವಾದ ಚೆನ್ನಾಗಿದೆ, ಅಲ್ಲವೇ? ನಿನ್ನೆ ಹಿಟ್ಟು ನಾದುತ್ತ ಇದನ್ನೆಲ್ಲ ಬೆರಿಲ್‌ಗೆ ಒಪ್ಪಿಸಿದೆ.

ಅವಳು ತಮಾಷೆ ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ. ಒಲೆಯ ಬಾಗಿಲು ಮುಚ್ಚಿ ಬಂದು ಎದುರಿಗೆ ಕೂತಳು.

“ನೀನು ಮೊದಲನೇ ಸಲ ಹೋದೆಯಲ್ಲ, ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ನೋಡಿ ಹೋದೆ. ಆಗ ನನಗೇನು ಅನ್ನಿಸ್ತು ಗೊತ್ತಾ? ನಾನೂ ಸತ್ತಿದೀನಿ ಅನ್ನಿಸ್ತು. ಯಾವಾಗ್ಲೋ ಸತ್ತು, ಯಾರೋ ನನ್ನ ಬಟ್ಟೆ ತಂದು ಮಣ್ಣಿಗೆ ಹಾಕಿದಾರೆ, ನನಗೊಬ್ಬಳಿಗೇ ಗೊತ್ತಾಗಿಲ್ಲ ಅಂತ. ಕೈ ಚಿವುಟಿ ನೋಡ್ಕೊಂಡೆ. ನಿನ್ನ ಮಗಳಿಗೆ ಏನಾದ್ರೂ ಹೇಳ್ಕೊ. ಇದನ್ನು ಬಿಟ್ಟು ಹೇಳ್ಬೇಡ.”

ಅಷ್ಟೇ ಹೇಳಿ, ಹಿಟ್ಟು ಒಣಗುತ್ತಿದೆ ನಾದು ಎಂದಳು.

ಮಜೀದ, ಮೇಲೆ ಒಂದು ಕಡೆ ಯಾರೂ ನಿಲ್ಲಿಸಲಿಲ್ಲ ಎಂದು ಬರೆದಿದ್ದೇನೆ. ಒಬ್ಬ ನಿಲ್ಲಿಸಿದ. ಮೂರನೆಯವನಾಗಿ ಬಂದ ಬೈಕಿನ ಹುಡುಗ, ಅದೇ ಬಿಸಿಲಿನ ಎದುರು, ದೂರದಿಂದಲೇ ವೇಗ ಇಳಿಸಿ, ನನ್ನ ಮುಂದೆ ಬಂದು ಹೆಲ್ಮೆಟ್ ತೆಗೆದು, ತಾತ ಹುಷಾರಾಗಿದ್ದೀರಾ ಎಂದು ಕೇಳಿದ. ನಾನು ಸುಮ್ಮನೆ ಹುತ್ತ ನೋಡುತ್ತಿದ್ದೇನೆ ಎಂದೆ. ಅವನಿಗೆ ಕಂಡಿತು. ಮೇಲಿನ ಆ ಸಾಲನ್ನು ಅಳಿಸಿ ಮತ್ತೆ ಬರೆಯಬಹುದಿತ್ತು, ಹಾಗೇ ಬಿಟ್ಟಿದ್ದೇನೆ, ನಾನು ರೋಹಿಣಿಗೂ ಹೇಗೆ ಹೇಳಹೊರಟಿದ್ದೆ ಎಂದು ನಿನಗಾದರೂ ತಿಳಿದಿರಲಿ.

ಈ ಹೋಟೆಲಿನ ವರಾಂಡದಲ್ಲಿ ನಾಣ್ಯ ಹಾಕುವ ಫೋನೊಂದಿದೆ. ಇದನ್ನು ಮುಗಿಸಿ, ಡಾರ್ವಿನ್ ತಲುಪುವವರೆಗೂ ಕಾಯದೆ, ಅಲ್ಲಿಂದಲೇ ಅವಳಿಗೆ ಎಲ್ಲ ಹೇಳುತ್ತೇನೆ. ಬೈಕಿನವನನ್ನೂ ಸೇರಿಸಿ. ಆಮೇಲೆ ಈ ದಾರಿಯಲ್ಲಿ ನಾನಾಗಿ ನಿಲ್ಲುವುದು ಇರುವುದಿಲ್ಲ. ಒಂದು ವಿಷಯ ಮಾತ್ರ ಕುತೂಹಲವಾಗಿದೆ, ಪಕ್ಕದ ಸೀಟಿನಿಂದ ಈ ಸೀಮೆ ಹೇಗೆ ಕಾಣುತ್ತದೋ. ರಸ್ತೆ ನೋಡುವ ಕೆಲಸ ಇಲ್ಲದವನಿಗೆ ಇನ್ನೂ ಏನೇನು ಕಾಣುತ್ತದೋ. ನೀನು ಹೇಳಿದ್ದರೆ ನಂಬುತ್ತಿರಲಿಲ್ಲ, ಹೋಗಿಯೇ ನೋಡಬೇಕು.

ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ. ಪೆಟ್ರೋಲ್ ಬಂಕಿನ ಸಮಾಚಾರ ಬರೆ, ಈ ಸಲ ನಗುವುದಿಲ್ಲ.

ನಿನ್ನ ಹಳೆಯ ಗೆಳೆಯ,
ಗುರುಶಾಂತ

ತಾ.ಕ.: ಫೋನ್ ಮಾಡಿ ಬಂದೆ. ಲಕೋಟೆ ಅಂಟಿಸುವ ಮುಂಚೆ ಇಷ್ಟು ಸೇರಿಸುತ್ತೇನೆ. ರೋಹಿಣಿಗೆ ಎಲ್ಲ ಹೇಳಿದೆ. ಆಮೇಲೆ ಅವಳು ಕೇಳಿದ ಮೊದಲ ಮಾತು ಕಣ್ಣಿನದಲ್ಲ, ಕೀಲಿಯದೂ ಅಲ್ಲ. “ಆ ಚೀಲದಲ್ಲಿ ಏನಿತ್ತಪ್ಪ?” ಎಂದಳು. ಹೇಳಿದೆ. ಕೀಲಿ ಕೊಡುತ್ತೇನೆ ಎಂದು ನಾನೇ ಹೇಳಿದೆ. ಸರಿ ಎಂದಳು, ಒಂದು ಸಲವೂ ಬೇಡ ಎನ್ನಲಿಲ್ಲ, ಅದು ಸ್ವಲ್ಪ ಚುಚ್ಚಿತು. ನಾಳೆಯ ಬಸ್ಸಿಗೆ ಇಲ್ಲಿಗೇ ಬರುತ್ತಾಳಂತೆ. ಅಮ್ಮನ ಸೀರೆ ಒಂದನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದಾಳಂತೆ, ನನಗೆ ಈವರೆಗೆ ಹೇಳಿರಲಿಲ್ಲ. ಅದನ್ನು ತರುತ್ತಾಳೆ. ಡಾರ್ವಿನ್ ಕಡೆ ತಿರುಗುವ ಮುಂಚೆ ಕಾರನ್ನು ಒಂದಿಷ್ಟು ದಕ್ಷಿಣಕ್ಕೆ, ಆ ಹುತ್ತಗಳಿರುವ ಕಡೆಗೆ ಓಡಿಸುತ್ತಾಳಂತೆ. ಗೊತ್ತಲ್ಲ, ಪೆಟ್ರೋಲಿಗೆ ಬಿಟ್ಟು ಎಲ್ಲೂ ನಿಲ್ಲಿಸದ ಹುಡುಗಿ ಅವಳು. ಅಮ್ಮನಿಗೆ ಹೊಂದುವ ಹುತ್ತ ಯಾವುದು ಅಂತ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಓಡಿಸುತ್ತ ಗೊತ್ತಾಗುವುದಿಲ್ಲ ಮಗಳೇ, ಒಂದೊಂದರ ಹತ್ತಿರವೂ ನಿಲ್ಲಿಸಬೇಕಾಗುತ್ತದೆ ಎಂದೆ.